20 ಡಾಲರ್ ನೋಟಿನಿಂದ ಜಾಕ್ಸನ್‌ರನ್ನು ಇಳಿಸಿ: ಅಮೆರಿಕದ ಖಜಾನೆ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಯದರ್ಶಿಗಳೇ,

ನಮಸ್ಕಾರ. ನೋಟಿನ ಮೇಲೆ ಯಾರ ಮುಖ ಇರಬೇಕು ಅಂತ ತೀರ್ಮಾನಿಸುವ ಅಧಿಕಾರ ನಿಮ್ಮದು. ಆ ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಾಗಾಗಿ ನೇರವಾಗಿ ಕೇಳುತ್ತೇನೆ: 20 ಡಾಲರ್ ನೋಟಿನಿಂದ ಹಿಂದಿನ ಕಾಲದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರನ್ನು ಇಳಿಸಿ. 2016ರಲ್ಲಿ ನಿಮ್ಮ ಇಲಾಖೆ ಮಾತು ಕೊಟ್ಟ ಹಾಗೆ ಗುಲಾಮರನ್ನು ಬಿಡಿಸಿದ ಹ್ಯಾರಿಯೆಟ್ ಟಬ್ಮನ್ ಅವರನ್ನು ತನ್ನಿ. ಇಂಗ್ಲಿಷಿನಲ್ಲಿ ಬರೆದು ಬರೆದು ಸಾಕಾಗಿದೆ. ಇಲ್ಲಿ ಓಟು ಹಾಕುವ ನಮ್ಮ ಕನ್ನಡದವರೂ ಓದಲಿ ಅಂತ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಉತ್ತರ ಕ್ಯಾರೊಲಿನಾದಲ್ಲಿ, ಸ್ಮೋಕಿ ಬೆಟ್ಟಗಳ ಬುಡದಲ್ಲಿ ನಮ್ಮ ಗ್ಯಾಸ್ ಸ್ಟೇಷನ್ ಅಂಗಡಿ ಇದೆ. ಈ ನೆಲದ ಮೂಲನಿವಾಸಿಗಳಾದ ಚೆರೋಕೀ ಜನರ ಊರು ಹತ್ತಿರದಲ್ಲೇ. ಗಲ್ಲಾದಲ್ಲಿ ಜಾಸ್ತಿ ಇರುವುದು 20ರ ನೋಟು, ಎಟಿಎಂ ಕೊಡುವುದೂ ಅದನ್ನೇ. ಆದರೆ ಕೆಲವು ಚೆರೋಕೀ ಹಿರಿಯರು ಅದನ್ನು ಮುಟ್ಟುವುದಿಲ್ಲ. ದಿನಾ ಕಾಫಿಗೆ ಬರುವ ಒಬ್ಬ ಅಜ್ಜ ಚಿಲ್ಲರೆಯಲ್ಲಿ 20ರ ನೋಟು ಕಂಡರೆ ಬೆರಳ ತುದಿಯಿಂದ ನನ್ನ ಕಡೆ ತಳ್ಳಿ, "ಹತ್ತರದ್ದಿದ್ದರೆ ಕೊಡಮ್ಮ" ಅನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹತ್ತರ ನೋಟು ಖಾಲಿಯಾಗಿತ್ತು. ಐದರದ್ದು, ಒಂದರದ್ದು ಸೇರಿಸಿ ಎಣಿಸುತ್ತಿದ್ದೆ. ಹಿಂದೆ ನಿಂತಿದ್ದವನೊಬ್ಬ ಸಿಡುಕಿದ: "ಈ ದೇಶದ ದುಡ್ಡು ಬೇಡ ಅಂದ್ರೆ ನಿನ್ನ ದೇಶಕ್ಕೆ ಹೋಗು!" ಅಜ್ಜ ತಿರುಗಿಯೂ ನೋಡಲಿಲ್ಲ. ನೋಟುಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ನನ್ನ ಕೈ ನಡುಗುತ್ತಿತ್ತು. ಅವರ ಹಿರಿಯರ ನೆಲದ ಮೇಲೆ ನಿಂತು ಅವರಿಗೇ ಹೋಗು ಅನ್ನುವುದೇ?

ಆ ಮಾತನ್ನೇ ಕಾನೂನು ಮಾಡಿದವರು ಜಾಕ್ಸನ್. ಮೇ 28, 1830ರಂದು ಇಂಡಿಯನ್ ರಿಮೂವಲ್ ಆಕ್ಟ್‌ಗೆ, ಅಂದರೆ ಮೂಲನಿವಾಸಿಗಳನ್ನು ಅವರ ನೆಲದಿಂದ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳಿಸುವ ಕಾನೂನಿಗೆ, ಸಹಿ ಹಾಕಿದರು. ಚೆರೋಕೀಗಳಿಗೆ ಆಗಲೇ ಸಿಕ್ವೋಯಾ ರೂಪಿಸಿದ ಸ್ವಂತ ಲಿಪಿ ಇತ್ತು, ಪತ್ರಿಕೆ ಇತ್ತು, ಬರೆದಿಟ್ಟ ಸಂವಿಧಾನ ಇತ್ತು. ಅವರು ಕೋರ್ಟಿಗೆ ಹೋದರು. ಅವರ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯುವುದಿಲ್ಲ ಅಂತ 1832ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಧ್ಯಕ್ಷರು ಆ ತೀರ್ಪಿನ ಬೆನ್ನಿಗೆ ನಿಲ್ಲಲಿಲ್ಲ. 1835ರಲ್ಲಿ ಚೆರೋಕೀ ಸರ್ಕಾರವನ್ನು ಬದಿಗಿಟ್ಟು, ಬೆರಳೆಣಿಕೆಯ ಜನರಿಂದ ಚೆರೋಕೀ ರಾಜಧಾನಿ ನ್ಯೂ ಎಕೋಟಾದಲ್ಲಿ ನೆಲ ಬಿಟ್ಟುಕೊಡುವ ಒಪ್ಪಂದ ಮಾಡಿಸಿಕೊಂಡರು. ಸೆನೆಟ್‌ನಲ್ಲಿ ಅದು ಬೇಕಾದ ಮೂರನೇ ಎರಡರಷ್ಟು ಬಹುಮತಕ್ಕಿಂತ ಒಂದೇ ಓಟು ಜಾಸ್ತಿ ಪಡೆದು ಪಾಸಾಯಿತು. 1838ರಲ್ಲಿ, ಜಾಕ್ಸನ್ ಅಧಿಕಾರ ಬಿಟ್ಟ ಮೇಲೆ, ಸೈನ್ಯ ಮನೆಮನೆಗೂ ಬಂತು. ಸುಮಾರು 16,000 ಜನರನ್ನು ಎಬ್ಬಿಸಿತು. ಅಂದಾಜು 4,000 ಜನ ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತರು.

ಜಾಕ್ಸನ್ ಬಡತನದಿಂದ ಬಂದ ಅನಾಥ ಹುಡುಗ, ನಿಜ. ದೇಶದ ಸಾಲ ತೀರಿಸಿದರು. ದಕ್ಷಿಣ ಕ್ಯಾರೊಲಿನಾ ಒಕ್ಕೂಟಕ್ಕೆ ಸವಾಲು ಹಾಕಿದಾಗ ಬಗ್ಗಲಿಲ್ಲ. ಇದೆಲ್ಲ ಪಾಠದಲ್ಲಿ ಇರಲಿ, ನನ್ನ ಮಕ್ಕಳೂ ಓದಲಿ. ಜೊತೆಗೆ 1804ರಲ್ಲಿ ಅವರು ಕೊಟ್ಟ ಜಾಹೀರಾತನ್ನೂ ಓದಲಿ. ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟರೆ 50 ಡಾಲರ್. ಅವನಿಗೆ ಹೊಡೆಯುವ ಪ್ರತಿ ನೂರು ಛಡಿಯೇಟಿಗೆ 10 ಡಾಲರ್ ಜಾಸ್ತಿ, ಮುನ್ನೂರು ಏಟಿನ ತನಕ. ಇಂಥವರ ಮುಖವನ್ನು ನಾನು ದಿನಾ ನನ್ನ ಕೈಯಾರೆ ಹಂಚಬೇಕು. ಯಾಕೆ? ಅವರಿಗೆ ಕಾಗದದ ದುಡ್ಡಿನ ಮೇಲೇ ನಂಬಿಕೆ ಇರಲಿಲ್ಲ. 1836ರಲ್ಲಿ ಸರ್ಕಾರಿ ಜಮೀನಿಗೆ ಚಿನ್ನ, ಬೆಳ್ಳಿ ಬಿಟ್ಟು ಬೇರೇನೂ ತೆಗೆದುಕೊಳ್ಳಬೇಡಿ ಅಂತ ಹುಕುಂ ಹೊರಡಿಸಿದವರು ಅವರು.

ಮುಖ ಬದಲಿಸುವುದು ಹೊಸದೇನಲ್ಲ. 1928ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನು ತೆಗೆದು ಜಾಕ್ಸನ್‌ರನ್ನು ಹಾಕಿದ್ದು ನಿಮ್ಮ ಇಲಾಖೆಯೇ. ಟಬ್ಮನ್ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು. ಆಮೇಲೂ ಜೀವ ಪಣಕ್ಕಿಟ್ಟು ವಾಪಸ್ ಹೋಗಿ ಸುಮಾರು 70 ಜನರನ್ನು ಬಿಡಿಸಿ ತಂದವರು. 2020ಕ್ಕೆ ವಿನ್ಯಾಸ ತೋರಿಸುತ್ತೇವೆ ಅಂದಿರಿ. 2019ರಲ್ಲಿ, ಖೋಟಾ ನೋಟು ತಡೆಯುವ ಕೆಲಸ ಮೊದಲು, ಮುಖ 2028ರ ತನಕ ಇಲ್ಲ ಅಂದಿರಿ. ಹೊಸ ನೋಟಿಗೆ ಈಗ 2030 ಅನ್ನುತ್ತೀರಿ. ಖೋಟಾ ನೋಟು ತಡೆಯಿರಿ, ಬೇಡ ಅಂದವರು ಯಾರು? ಅದರ ಜೊತೆಗೇ ಮುಖವನ್ನೂ ಬದಲಿಸಿ.

ಜಾಕ್ಸನ್‌ರನ್ನು ಇಳಿಸಿ. ಟಬ್ಮನ್ ಮುಖದ ನೋಟು ಯಾವ ತಿಂಗಳು ನಮ್ಮ ಗಲ್ಲಾಕ್ಕೆ ಬರುತ್ತದೆ ಅಂತ ನಿಮ್ಮ ಸಹಿ ಹಾಕಿ ತಿಳಿಸಿ.

ಇಂತಿ,
ಉತ್ತರ ಕ್ಯಾರೊಲಿನಾದ ಒಬ್ಬ ಅಂಗಡಿಯವಳು