ಪೆಡಲ್ ನಾಬ್ ತಗೊಳ್ಳುವ ಮುಂಚೆ

ಗೆಳೆಯರೇ, ಗಿಟಾರಿನ ಸದ್ದು ಬದಲಿಸುವ ಎಫೆಕ್ಟ್ ಪೆಡಲ್‌ಗೆ ಒಳ್ಳೆಯ ನಾಬ್ (ತಿರುಗಿಸುವ ಗುಂಡಿ) ಅಗ್ಗಕ್ಕೆ ಎಲ್ಲಿ ಸಿಗುತ್ತದೆ ಎಂದು ಸುಮಾರು ಜನ ಕೇಳಿದ್ದೀರಿ. ಬೆಂಗಳೂರಿನವರು ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೇ ಹೋಗಿ. ಆನ್‌ಲೈನ್‌ನಲ್ಲಿ ಫೋಟೊ ಮಾತ್ರ ಕಾಣುತ್ತದೆ, ಅಂಗಡಿಯಲ್ಲಿ ಹಾಕಿ ತಿರುಗಿಸಿ ನೋಡಬಹುದು. ನೀವು ಬಳಸುವ ಪಾಟ್ (ನಾಬ್ ತಿರುಗಿಸುವ ಪೊಟೆನ್ಷಿಯೋಮೀಟರ್) ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಎಲ್ಲಕ್ಕಿಂತ ಮುಖ್ಯ ಶಾಫ್ಟ್ ಅಳತೆ, ಅಂದರೆ ಪಾಟ್ ಮೇಲೆ ನಾಬ್ ಕೂರುವ ಕಡ್ಡಿಯ ದಪ್ಪ. ಹಲ್ಲುಹಲ್ಲಾಗಿ, ನಡುವೆ ಸೀಳಿರುವ ಶಾಫ್ಟ್ ಸಾಮಾನ್ಯವಾಗಿ 6 ಮಿ.ಮೀ. ಇರುತ್ತದೆ. ಅದಕ್ಕೆ ಒತ್ತಿ ಕೂರಿಸುವ ನಾಬ್ ಸಾಕು, ಬೆಲೆಯೂ ಕಡಿಮೆ. ನುಣುಪಾದ ದುಂಡು ಶಾಫ್ಟ್‌ಗೆ ಪಕ್ಕದಲ್ಲಿ ಸ್ಕ್ರೂ ಇರುವ ನಾಬ್ ಬೇಕು. ಇದರಲ್ಲಿ 6 ಮಿ.ಮೀ. ಬೇರೆ, ಕಾಲು ಇಂಚು ಅಂದರೆ 6.35 ಮಿ.ಮೀ. ಬೇರೆ. ಚಿಕ್ಕ ತೂತಿನ ನಾಬ್ ದಪ್ಪ ಶಾಫ್ಟ್‌ಗೆ ಇಳಿಯುವುದೇ ಇಲ್ಲ. ದೊಡ್ಡ ತೂತಿನದು ಸಣ್ಣ ಶಾಫ್ಟ್‌ಗೆ ಇಳಿಯುತ್ತದೆ, ಆದರೆ ಸ್ಕ್ರೂ ಬಿಗಿ ಮಾಡಿದಾಗ ಒಂದು ಬದಿಗೆ ಸರಿದು ಓಲಾಡುತ್ತದೆ.

ನಾಬ್‌ನ ತಳ ತಿರುಗಿಸಿ ನೋಡಿ. ಒಳಗೆ ಹಿತ್ತಾಳೆ ಬುಷ್ (ಶಾಫ್ಟ್ ಕೂರುವ ಕೊಳವೆ) ಇದ್ದರೆ ನಾಲ್ಕು ರೂಪಾಯಿ ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಬರೀ ಪ್ಲಾಸ್ಟಿಕ್ ಆದರೆ ಸ್ಕ್ರೂ ಕೂರುವ ಜಾಗ ಬೇಗ ಸವೆಯುತ್ತದೆ. ಗುರುತಿನ ಗೆರೆ ಕೊರೆದು ಬಣ್ಣ ತುಂಬಿದ್ದಾಗಿರಲಿ. ಮೇಲೆ ಸುಮ್ನೆ ಹಚ್ಚಿದ್ದು ಬೆರಳು ತಾಗಿ ಅಳಿಸಿಹೋಗುತ್ತದೆ. ಮಂದ ಬೆಳಕಿನ ವೇದಿಕೆಯಲ್ಲಿ ಆ ಗೆರೆಯೇ ತಾನೇ ನಮಗೆ ದಿಕ್ಕು?

ನಾಬ್ ಎಷ್ಟು ದೊಡ್ಡದು ಎಂದೂ ನೋಡಿ. ಪೆಡಲ್ ಕಟ್ಟಲು ಬಳಸುವ 1590ಬಿ ಎಂಬ ಅಲ್ಯೂಮಿನಿಯಂ ಡಬ್ಬಿಯ ಅಗಲ ಸುಮಾರು 60 ಮಿ.ಮೀ. ಒಂದೇ ಸಾಲಿಗೆ 20 ಮಿ.ಮೀ. ಅಗಲದ ನಾಬ್ ಮೂರು ಹಾಕಿದರೆ ಬೆರಳಿಗೆ ಜಾಗವೇ ಇರುವುದಿಲ್ಲ.

ಒಟ್ಟಿಗೆ ಕೊಂಡರೆ ಚೌಕಾಸಿ ಮಾಡಬಹುದು. ಬೇಕಾದವರು ಶಾಫ್ಟ್ ಅಳತೆ, ಬಣ್ಣ, ಎಷ್ಟು ಬೇಕು ಎಂದು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಊರ ಹೊರಗಿನವರಿಗೆ ಅಂಚೆಯಲ್ಲಿ ಕಳಿಸುತ್ತೇನೆ.