‘ಲಕ್ವಾ’ ಎಂದು ಕೇಳಿದವರಿಗೆ ಆಸ್ಪತ್ರೆಯ ದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಆರೂವರೆಯ ಸುಮಾರಿಗೆ, ನನ್ನ ಅಣ್ಣನವರ ಕೈಯಿಂದ ಚಹಾದ ಲೋಟ ಜಾರಿ ಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮನೆಯಲ್ಲಿದ್ದವರು 71 ವರ್ಷದ ಅತ್ತಿಗೆ ಒಬ್ಬರೇ. ಅವರು ಅಳುತ್ತಾ ಕೂರಲಿಲ್ಲ. ಮೊಮ್ಮಗ ಕಲಿಸಿಕೊಟ್ಟಂತೆ ಮೊಬೈಲಿನ ಮೈಕ್ ಗುರುತು ಒತ್ತಿ, ‘ಲಕ್ವಾ ಹೊಡೆದರೆ ಏನು ಮಾಡಬೇಕು’ ಎಂದು ಕೇಳಿದರು. ಪಾರ್ಶ್ವವಾಯುವಿಗೆ ನಮ್ಮ ಸೀಮೆಯಲ್ಲಿ ಲಕ್ವಾ ಎನ್ನುತ್ತಾರೆ. ಬಂದದ್ದು ಎಣ್ಣೆ ತಿಕ್ಕುವ ವಿಡಿಯೊ, ಪಾರಿವಾಳದ ರಕ್ತ ಹಚ್ಚುವ ವಿಡಿಯೊ, ನಾಟಿ ಔಷಧ ಕೊಡುವವರ ಊರು ಮತ್ತು ಫೋನ್ ನಂಬರು. ಸಿಂಧನೂರಿನಿಂದ ನಾನು ಅವರ ಹಳ್ಳಿ ಮುಟ್ಟುವಷ್ಟರಲ್ಲಿ ಅಣ್ಣನನ್ನು ಹೊತ್ತ ಬಾಡಿಗೆ ಕಾರು ಆ ಊರಿನ ದಾರಿ ಹಿಡಿದಾಗಿತ್ತು. ರಾಯಚೂರಿನಲ್ಲಿ ತಲೆಯ ಸ್ಕ್ಯಾನ್ ಆದಾಗ ಮಧ್ಯಾಹ್ನ ಎರಡು ಗಂಟೆ.

ರಕ್ತ ಹೆಪ್ಪುಗಟ್ಟಿ ಮೆದುಳಿನ ನಾಳ ಮುಚ್ಚಿಕೊಂಡಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಆದರೆ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಒಳಗೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂಬುದನ್ನು ಮೊದಲು ಸ್ಕ್ಯಾನಿನಲ್ಲಿ ನೋಡಬೇಕು. ನಮಗೆ ಆ ಹೊತ್ತು ಮೀರಿಹೋಗಿತ್ತು. ಅಣ್ಣನ ಬಲಗೈಗೆ ಇಂದಿಗೂ ರೊಟ್ಟಿ ಮುರಿಯಲಾಗುವುದಿಲ್ಲ.

ಮಕ್ಕಳೆಲ್ಲ ಅತ್ತಿಗೆಯನ್ನೇ ಬೈದರು. ಈ ವಯಸ್ಸಿನಲ್ಲಿ ಮೊಬೈಲ್ ಯಾಕೆ ಬೇಕಿತ್ತು ಎಂದರು. ಇದು ಅನ್ಯಾಯ. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಬೇಕಾದ ಗಳಿಗೆಯಲ್ಲಿ ಕೇಳಿದ್ದರು. ಆಮೇಲೆ ನಾನೇ ಕುಳಿತು ‘ಪಾರ್ಶ್ವವಾಯು’ ಎಂದು ಹುಡುಕಿದೆ. ವೈದ್ಯರ ಮಾತು, ಆಸ್ಪತ್ರೆಗೆ ಧಾವಿಸಬೇಕೆಂಬ ಎಚ್ಚರಿಕೆ, ಎಲ್ಲವೂ ಅಲ್ಲಿತ್ತು! ಆದರೆ ಆ ಪದವನ್ನು ಅತ್ತಿಗೆ ಜನ್ಮದಲ್ಲಿ ಒಮ್ಮೆಯೂ ಆಡಿದವರಲ್ಲ. ಸಕ್ಕರೆ ಕಾಯಿಲೆ ಎನ್ನುವವರಿಗೆ ಮಧುಮೇಹ, ಕಿಡ್ನಿ ಎನ್ನುವವರಿಗೆ ಮೂತ್ರಪಿಂಡ ಎಂದು ಬರೆದಿಟ್ಟರೆ ಯಾರಿಗೆ ಸಿಕ್ಕೀತು? ಮದ್ದು ಮಾರುವವರು ನಮ್ಮ ಹಿರಿಯರ ಬಾಯಿಮಾತನ್ನು ಚೆನ್ನಾಗಿ ಅರಿತಿದ್ದಾರೆ. ಬಲ್ಲ ವೈದ್ಯರು ಇನ್ನೂ ಪಠ್ಯಪುಸ್ತಕದ ಕನ್ನಡದಲ್ಲೇ ಇದ್ದಾರೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ವೈದ್ಯರು ಎರಡೇ ನಿಮಿಷದ ವಿಡಿಯೊಗಳನ್ನು ಮಾಡಿ, ‘ಲಕ್ವಾ’ ಎಂದೇ ಹೆಸರಿಟ್ಟು, ಈ ಸೀಮೆಯ ಮಾತಿನಲ್ಲೇ ಹೇಳಲಿ: ಬಾಯಿ ಸೊಟ್ಟಗಾಗಿದೆಯೇ, ಕೈ ಎತ್ತಲಾಗುತ್ತಿಲ್ಲವೇ, ಮಾತು ತೊದಲುತ್ತಿದೆಯೇ? ಹಾಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಅಕ್ಷರ ಬಾರದವರೂ ಕೇಳಿ ತಿಳಿದುಕೊಳ್ಳುತ್ತಾರೆ. ಆರೋಗ್ಯ ಇಲಾಖೆ ಅವುಗಳನ್ನು ಆಶಾ ಕಾರ್ಯಕರ್ತೆಯರ ಮೊಬೈಲಿಗೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ತಲುಪಿಸಲಿ.

ನಾನು ನಿವೃತ್ತ ಶಿಕ್ಷಕ. ಅಂಥ ವಿಡಿಯೊಗಳು ಸಿದ್ಧವಾದರೆ ನಮ್ಮ ಸುತ್ತಲಿನ ಹಳ್ಳಿಗಳ ಕಟ್ಟೆಗಳ ಮೇಲೆ ಕುಳಿತು ಹಿರಿಯರಿಗೆ ತೋರಿಸುವ ಕೆಲಸ ನನ್ನದು. ಅತ್ತಿಗೆಯೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.

ಇಂತಿ,
ನಿವೃತ್ತ ಶಿಕ್ಷಕ, ಸಿಂಧನೂರು