ಲೆಕ್ಕ ಮಾಡುವ ಯಂತ್ರಕ್ಕೂ ನಮ್ಮ ಗುಟ್ಟು ತಿಳಿಯಬಾರದು

ಮಾನ್ಯರೇ,

ಪರಮಾಣು ಮಟ್ಟದ ಭೌತ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಬರುವ ವರದಿಗಳಲ್ಲಿ ಕ್ಯೂಬಿಟ್‌ಗಳ (ಅದರಲ್ಲಿ ಮಾಹಿತಿ ಹಿಡಿದಿಡುವ ಮೂಲ ಘಟಕಗಳ) ಸಂಖ್ಯೆಯದೇ ಮಾತು ಜಾಸ್ತಿ. ಅದಕ್ಕೆ ನಾವು ಕೊಡುವ ಮಾಹಿತಿ ಎಷ್ಟು ಭದ್ರ ಎಂಬ ಚರ್ಚೆಯೇ ಕಾಣುವುದಿಲ್ಲ. ಇಂಥ ಹಲವು ಯಂತ್ರಗಳನ್ನು ಮೈನಸ್ 273 ಡಿಗ್ರಿ ಸೆಲ್ಸಿಯಸ್ ಹತ್ತಿರದ ತಂಪಿನಲ್ಲಿ ಇಡಬೇಕು. ಎಲ್ಲರೂ ಕೊಳ್ಳಲಾಗದು, ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆಯಬೇಕಷ್ಟೆ. ಆಗ ಆಸ್ಪತ್ರೆಯ ರೋಗಿಗಳ ವಿವರ ಯಂತ್ರದ ಮಾಲೀಕರ ಕಣ್ಣಿಗೂ ಬೀಳಬಹುದು, ಅಲ್ವಾ?

ಇದಕ್ಕೆ ಪರಿಹಾರವಿದೆ. 2009ರಲ್ಲೇ ಬ್ರಾಡ್‌ಬೆಂಟ್, ಫಿಟ್ಸ್‌ಸೈಮನ್ಸ್ ಮತ್ತು ಕಾಶೆಫಿ ಎಂಬ ಸಂಶೋಧಕರು ಒಂದು ದಾರಿ ತೋರಿಸಿದರು. ಗ್ರಾಹಕ ಪ್ರತಿ ಕ್ಯೂಬಿಟ್ಟನ್ನೂ ತನಗೆ ಮಾತ್ರ ಗೊತ್ತಿರುವ ಕೋನಕ್ಕೆ ತಿರುಗಿಸಿ ಕಳಿಸುತ್ತಾನೆ. ಯಂತ್ರ ಅವನ್ನು ಒಂದಕ್ಕೊಂದು ಹೆಣೆದು, ಅವನು ಹೇಳಿದ ಕೋನದಲ್ಲಿ ಅಳೆಯುತ್ತದೆ. ಲೆಕ್ಕ ಮುಗಿಯುತ್ತದೆ, ಆದರೆ ಗ್ರಾಹಕನ ಗುಟ್ಟಿನ ಕೋನ ಗೊತ್ತಿಲ್ಲದ್ದರಿಂದ ಅದು ಯಾವ ಲೆಕ್ಕವೆಂದು ಯಂತ್ರಕ್ಕೆ ತಿಳಿಯುವುದೇ ಇಲ್ಲ! 2012ರಲ್ಲಿ ವಿಯೆನ್ನಾದಲ್ಲಿ ನಾಲ್ಕು ಫೋಟಾನ್ (ಬೆಳಕಿನ ಕಣ) ಬಳಸಿ ಇದನ್ನು ಮಾಡಿಯೂ ತೋರಿಸಿದರು. ಮುಂದೆ ಸಂಶೋಧಕಿ ಊರ್ಮಿಳಾ ಮಹದೇವ್, ಗ್ರಾಹಕನ ಬಳಿ ಮಾಮೂಲಿ ಕಂಪ್ಯೂಟರ್ ಇದ್ದರೂ ಗೂಢಲಿಪಿಯಲ್ಲೇ ಲೆಕ್ಕ ಮಾಡಿಸುವ ವಿಧಾನ ಕೊಟ್ಟರು. ದೊಡ್ಡ ಲೆಕ್ಕಗಳಿಗೆ ಇವು ಇನ್ನೂ ಭಾರವೇ, ನಿಜ. ಅದಕ್ಕೇ ಕೆಲಸ ಈಗಲೇ ಶುರುವಾಗಬೇಕು.

ಕೇಂದ್ರ ಸರ್ಕಾರ 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕಂಪ್ಯೂಟಿಂಗ್ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಈ ಸಂಶೋಧನೆಗೆ ಅಲ್ಲಿ ಪ್ರತ್ಯೇಕ ಹಣ ಎತ್ತಿಡಲಿ. ಸರ್ಕಾರದ ಹಣದಲ್ಲಿ ಕಟ್ಟುವ ಯಂತ್ರವನ್ನು ಆಸ್ಪತ್ರೆ, ಬ್ಯಾಂಕುಗಳಿಗೆ ತೆರೆಯುವ ಮುನ್ನ ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಲಿ.

– ಒಬ್ಬ ಓದುಗ, ಮೈಸೂರು